ಡೇಟಾಬೇಸ್ ಪಟ್ಟಿ ಸಾಧನ: ಎಐ ಏಜೆಂಟ್‌ಗಳಿಗಾಗಿ ಬರೆಯುವ ವಿವರಣೆ, ತಾಳವಾಡಿಯ ದಾಖಲೆಗಳ ನಿದರ್ಶನದೊಡನೆ

ಒಂದು ಗಣಕ ವ್ಯವಸ್ಥೆಯಲ್ಲಿ ಯಾವ ಯಾವ ಡೇಟಾಬೇಸ್‌ಗಳಿವೆ ಎಂದು ಕೇಳಿದಾಗ ಅವುಗಳ ಹೆಸರುಗಳನ್ನು, ಕೆಲವೊಮ್ಮೆ ಗಾತ್ರ, ಒಡೆತನ, ಟಿಪ್ಪಣಿಗಳನ್ನೂ ಪಟ್ಟಿ ಮಾಡಿಕೊಡುವ ಸಣ್ಣ ಕ್ರಮವಿಧಿಯೇ ಡೇಟಾಬೇಸ್ ಪಟ್ಟಿ ಸಾಧನ. ಇದು ಡೇಟಾಬೇಸಿನೊಳಗಿನ ಮಾಹಿತಿಯನ್ನು ಓದುವುದಿಲ್ಲ, ಬದಲಿಸುವುದಿಲ್ಲ. ಏನೇನು ಇದೆ ಎಂದಷ್ಟೇ ಹೇಳುತ್ತದೆ. ದಶಕಗಳ ಕಾಲ ಇದನ್ನು ಬಳಸಿದವರು ಡೇಟಾಬೇಸ್ ನಿರ್ವಾಹಕರು. ಅವರಿಗೆ ಇದರ ಬಗ್ಗೆ ಅರ್ಧ ಸಾಲಿನ ವಿವರಣೆ ಇದ್ದರೂ ಸಾಕಾಗುತ್ತಿತ್ತು, ಏಕೆಂದರೆ ಗೊತ್ತಿಲ್ಲದ್ದನ್ನು ಪಕ್ಕದ ಮೇಜಿನವರನ್ನು ಕೇಳಿ ತಿಳಿಯಬಹುದಿತ್ತು. ಈಗ ಇದೇ ಸಾಧನವನ್ನು ಕೃತಕ ಬುದ್ಧಿಮತ್ತೆಯ ಏಜೆಂಟ್‌ಗಳು ಬಳಸುತ್ತಿವೆ. ಏಜೆಂಟ್ ಎಂದರೆ ಭಾಷಾ ಮಾದರಿಯೊಂದು ತನಗೆ ಒಪ್ಪಿಸಿದ ಕೆಲಸಕ್ಕೆ ಯಾವ ಸಾಧನವನ್ನು ಕರೆಯಬೇಕೆಂದು ತಾನೇ ತೀರ್ಮಾನಿಸಿ, ಬಂದ ಉತ್ತರವನ್ನು ಓದಿಕೊಂಡು ಮುಂದಿನ ಹೆಜ್ಜೆ ಇಡುವ ವ್ಯವಸ್ಥೆ. ಅದಕ್ಕೆ ಪಕ್ಕದ ಮೇಜಿಲ್ಲ. ಸಾಧನದ ಜೊತೆಗಿರುವ ವಿವರಣೆಯಲ್ಲಿ ಏನು ಬರೆದಿದೆಯೋ ಅದೇ ಅದರ ತಿಳಿವಳಿಕೆ. ಬರೆಯದೆ ಬಿಟ್ಟದ್ದನ್ನು ಅದು ಊಹಿಸಿಕೊಳ್ಳುತ್ತದೆ. ಹೀಗಾಗಿ ಇಷ್ಟು ಚಿಕ್ಕ ಸಾಧನದ ವಿವರಣೆ ಬರೆಯುವುದೂ ಒಂದು ಪ್ರತ್ಯೇಕ ಕೆಲಸವಾಗಿದೆ.

ಈ ಲೇಖನ ಆ ಕೆಲಸವನ್ನು ತಾಳವಾಡಿ ಸೀಮೆಯ ದಾಖಲೆಗಳ ಮೂಲಕ ನೋಡುತ್ತದೆ.

ನಿದರ್ಶನದ ನೆಲ

ಬಣ್ಣಾರಿಯಿಂದ ದಿಂಬಂ ಘಾಟಿಯ 27 ತಿರುವುಗಳನ್ನು ಏರಿ, ಹಾಸನೂರು ದಾಟಿ ಎಡಕ್ಕೆ ಹೊರಳಿದರೆ ಸಿಗುವ ಪ್ರಸ್ಥಭೂಮಿ ತಾಳವಾಡಿ. ಆಡಳಿತ ತಮಿಳುನಾಡಿನ ಈರೋಡ್ ಜಿಲ್ಲೆಯದು. ಜನರ ಮಾತು ಬಹುಪಾಲು ಕನ್ನಡ. ಸುತ್ತಲ ಕಾಡಿನಲ್ಲಿ ಸೋಲಿಗ, ಊರಾಳಿ ಬುಡಕಟ್ಟುಗಳ ನೆಲೆಗಳು. ವರನಟ ರಾಜ್‌ಕುಮಾರ್ ಹುಟ್ಟಿದ ದೊಡ್ಡ ಗಾಜನೂರು ಇಲ್ಲಿದೆ. 2000ದ ಜುಲೈ 30ರ ರಾತ್ರಿ ಕಾಡುಗಳ್ಳ ವೀರಪ್ಪನ್ ಈ ನಟನನ್ನು ಅಪಹರಿಸಿದ್ದೂ ಇಲ್ಲಿಂದಲೇ. ದೀಪಾವಳಿ ಮುಗಿದೊಡನೆ ಸಗಣಿಯಲ್ಲಿ ಹೊಡೆದಾಡುವ ಗೊರೆಹಬ್ಬದ ಗುಮಟಾಪುರವೂ ಇದೇ ಸೀಮೆಯದು. ಇಲ್ಲಿಯವರಿಗೆ ಚಾಮರಾಜನಗರ ಹತ್ತಿರ, ತಮ್ಮದೇ ಜಿಲ್ಲಾ ಕೇಂದ್ರ ದೂರ.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಬಂತು, ತಾಳವಾಡಿ ಮದರಾಸಿನಲ್ಲೇ ಉಳಿಯಿತು. 1979ರಲ್ಲಿ ಕೊಯಮತ್ತೂರು ಒಡೆದು ಪೆರಿಯಾರ್ ಜಿಲ್ಲೆಯಾಯಿತು. ಅದರ ಹೆಸರು ಆಮೇಲೆ ಈರೋಡ್ ಎಂದು ಬದಲಾಯಿತು. ಸತ್ಯಮಂಗಲ ತಾಲ್ಲೂಕಿನ ಭಾಗವಾಗಿದ್ದ ತಾಳವಾಡಿ 2016ರಲ್ಲಿ ತಾನೇ ತಾಲ್ಲೂಕಾಯಿತು. ಗಡಿಯಾಚೆ ಚಾಮರಾಜನಗರವೂ 1997ರವರೆಗೆ ಮೈಸೂರು ಜಿಲ್ಲೆಯೊಳಗಿತ್ತು. ಅಂದರೆ ತಾಳವಾಡಿಯ ಒಂದು ಹಳ್ಳಿಯನ್ನು ಜನಗಣತಿಯ ಪುಸ್ತಕಗಳಲ್ಲಿ ಹುಡುಕುವವರು 1971ಕ್ಕೆ ಕೊಯಮತ್ತೂರು, 1981ಕ್ಕೆ ಪೆರಿಯಾರ್, 2011ಕ್ಕೆ ಈರೋಡ್ ಜಿಲ್ಲೆಯ ಸತ್ಯಮಂಗಲ ತಾಲ್ಲೂಕು ಎಂದು ತಿಳಿದೇ ಹೊರಡಬೇಕು. ಹಳ್ಳಿ ಕದಲಿಲ್ಲ, ಅದರ ವಿಳಾಸ ಮಾತ್ರ ದಾಖಲೆಯಿಂದ ದಾಖಲೆಗೆ ಅಲೆದಾಡಿದೆ. ಊರಿನ ಹಿರಿಯರಿಗೆ ಇದು ಗೊತ್ತು. ಡೇಟಾಬೇಸ್‌ಗಳ ಪಟ್ಟಿ ಹಿಡಿದು ಕೆಲಸಕ್ಕಿಳಿದ ಏಜೆಂಟಿಗೆ ಯಾರಾದರೂ ಬರೆದು ತಿಳಿಸಬೇಕು.

ಹಿನ್ನೆಲೆ

ಡೇಟಾಬೇಸ್ ತನ್ನಲ್ಲಿ ಏನಿದೆ ಎಂಬುದನ್ನು ತಾನೇ ಹೇಳಬೇಕು ಎಂಬ ವಿಚಾರ ಹೊಸದಲ್ಲ. ಐಬಿಎಂನ ಇ. ಎಫ್. ಕಾಡ್ 1970ರಲ್ಲಿ ಸಂಬಂಧಾತ್ಮಕ ಮಾದರಿಯನ್ನು ಮಂಡಿಸಿದರು. 1985ರಲ್ಲಿ ಅವರು ಕೊಟ್ಟ ನಿಯಮಗಳಲ್ಲಿ ನಾಲ್ಕನೆಯದು ಇದನ್ನೇ ಹೇಳುತ್ತದೆ: ಡೇಟಾಬೇಸಿನ ಬಗೆಗಿನ ವಿವರವೂ ಸಾಮಾನ್ಯ ಮಾಹಿತಿಯಂತೆಯೇ ಕೋಷ್ಟಕಗಳಲ್ಲಿರಬೇಕು, ಅದೇ ಭಾಷೆಯಲ್ಲಿ ಕೇಳಿ ಪಡೆಯುವಂತಿರಬೇಕು. 1992ರ ಎಸ್‌ಕ್ಯುಎಲ್ ಮಾನಕ ಇದಕ್ಕೆ ‘ಇನ್ಫರ್ಮೇಷನ್ ಸ್ಕೀಮಾ’ ಎಂಬ ರೂಪ ಕೊಟ್ಟಿತು. ಆದರೂ ಪಟ್ಟಿ ಕೇಳುವ ರೀತಿ ಪ್ರತಿ ತಂತ್ರಾಂಶಕ್ಕೂ ಬೇರೆ ಬೇರೆಯಾಗಿಯೇ ಉಳಿಯಿತು. ಮೈಎಸ್‌ಕ್ಯುಎಲ್‌ನಲ್ಲಿ ‘ಶೋ ಡೇಟಾಬೇಸಸ್’ ಎಂಬ ಆದೇಶ. ಪೋಸ್ಟ್‌ಗ್ರೆಸ್‌ನಲ್ಲಿ ‘ಪಿಜಿ ಡೇಟಾಬೇಸ್’ ಎಂಬ ಕೋಷ್ಟಕ. ಮಾಂಗೋಡಿಬಿಯಲ್ಲಿ ‘ಲಿಸ್ಟ್ ಡೇಟಾಬೇಸಸ್’ ಎಂಬ ಆಜ್ಞೆ. ಎಸ್‌ಕ್ಯುಲೈಟ್‌ನಲ್ಲಿ ಪ್ರತಿ ಡೇಟಾಬೇಸೂ ಒಂದು ಕಡತ, ಸರ್ವರ್ ಎಂಬುದೇ ಇಲ್ಲ. ಅಲ್ಲಿನ ಪಟ್ಟಿ ಆದೇಶ ಆ ಕ್ಷಣ ತೆರೆದು ಜೋಡಿಸಿಕೊಂಡಿರುವ ಕಡತಗಳನ್ನಷ್ಟೇ ತೋರಿಸುತ್ತದೆ; ಅದೇ ಫೋಲ್ಡರಿನಲ್ಲಿ ಹತ್ತು ಕಡತ ಬಿದ್ದಿದ್ದರೂ ಅದಕ್ಕೆ ಲೆಕ್ಕವಿಲ್ಲ.

ಡೇಟಾಬೇಸ್ ಎಂದರೆ ಯಾವುದು ಎಂಬುದರಲ್ಲೂ ಇವು ಒಮ್ಮತಕ್ಕೆ ಬಂದಿಲ್ಲ. ಮೈಎಸ್‌ಕ್ಯುಎಲ್‌ನಲ್ಲಿ ಡೇಟಾಬೇಸೂ ಸ್ಕೀಮಾವೂ (ಕೋಷ್ಟಕಗಳ ಗುಂಪು) ಒಂದೇ. ಒಂದೇ ಪ್ರಶ್ನೆಯಲ್ಲಿ ಎರಡು ಡೇಟಾಬೇಸ್‌ಗಳ ಕೋಷ್ಟಕಗಳನ್ನು ಕೂಡಿಸಬಹುದು. ಪೋಸ್ಟ್‌ಗ್ರೆಸ್‌ನಲ್ಲಿ ಪ್ರತಿ ಡೇಟಾಬೇಸಿಗೂ ಬೇರೆ ಸಂಪರ್ಕ ಬೇಕು, ವಿಶೇಷ ಏರ್ಪಾಡಿಲ್ಲದೆ ಅಡ್ಡ ಜೋಡಣೆ ಆಗುವುದಿಲ್ಲ. ಪಟ್ಟಿಯಲ್ಲಿ ಅಕ್ಕಪಕ್ಕ ಕಂಡ ಎರಡು ಹೆಸರುಗಳನ್ನು ಕೂಡಿಸಿ ಪ್ರಶ್ನೆ ಬರೆಯಲು ಹೋಗುವ ಏಜೆಂಟ್ ಮೊದಲನೆಯ ಕಡೆ ಗೆಲ್ಲುತ್ತದೆ, ಎರಡನೆಯ ಕಡೆ ದೋಷ ಸಂದೇಶ ತಿಂದು ವಾಪಸಾಗುತ್ತದೆ. ವಿವರಣೆಯಲ್ಲಿ ಒಂದು ಸಾಲು ಇದ್ದರೆ ಈ ಓಡಾಟ ತಪ್ಪುತ್ತದೆ.

ಮಾದರಿಗಳು ಸಾಧನಗಳನ್ನು ಕರೆಯುವ ಪದ್ಧತಿ ಬಳಕೆಗೆ ಬಂದದ್ದು ಇತ್ತೀಚೆಗೆ. 2023ರ ಜೂನ್‌ನಲ್ಲಿ ಓಪನ್‌ಎಐ ತನ್ನ ಮಾದರಿಗಳಿಗೆ ‘ಫಂಕ್ಷನ್ ಕಾಲಿಂಗ್’ ಸೌಲಭ್ಯ ಕೊಟ್ಟಿತು. 2024ರ ನವೆಂಬರ್‌ನಲ್ಲಿ ಆಂತ್ರೋಪಿಕ್ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್’ ಎಂಬ ಮುಕ್ತ ಒಡಂಬಡಿಕೆಯನ್ನು ಹೊರತಂದಿತು. ಎಂಸಿಪಿ ಎಂಬುದು ಅದರ ಚಾಲ್ತಿ ಹೆಸರು. 2025ರ ಡಿಸೆಂಬರ್‌ನಲ್ಲಿ ಅದು ಲಿನಕ್ಸ್ ಫೌಂಡೇಷನ್ನಿನ ಆಶ್ರಯದ ಸಂಸ್ಥೆಯೊಂದರ ಸುಪರ್ದಿಗೆ ಹೋಯಿತು. ಇದರ ಪ್ರಕಾರ ಸರ್ವರ್ ಮೊದಲು ತನ್ನಲ್ಲಿರುವ ಸಾಧನಗಳ ಪಟ್ಟಿ ಕೊಡುತ್ತದೆ. ಪ್ರತಿ ಸಾಧನಕ್ಕೂ ಒಂದು ಹೆಸರು, ಸಹಜ ಭಾಷೆಯಲ್ಲಿ ಒಂದು ವಿವರಣೆ, ಒಳಹಾಕುವ ಮಾಹಿತಿಯ ವಿನ್ಯಾಸ ಇರುತ್ತವೆ. ಹೊರಬರುವ ಉತ್ತರದ ವಿನ್ಯಾಸವನ್ನೂ ಸೇರಿಸಬಹುದು. ‘ಇದು ಓದುವ ಸಾಧನ, ಏನನ್ನೂ ಬದಲಿಸುವುದಿಲ್ಲ’ ಎಂಬಂಥ ಸೂಚನೆಗಳಿಗೂ ಜಾಗವಿದೆ. ಆದರೆ ಸರ್ವರ್ ನಂಬಿಕಸ್ಥವೆಂದು ಖಚಿತವಾಗುವವರೆಗೆ ಈ ಸೂಚನೆಗಳನ್ನು ನಂಬಬೇಡಿ ಎಂದು ಒಡಂಬಡಿಕೆಯೇ ಎಚ್ಚರಿಸುತ್ತದೆ. ಎರಡು ಪಟ್ಟಿಗಳಿವೆ ಎಂಬುದನ್ನು ಗಮನಿಸಬೇಕು: ಸಾಧನಗಳ ಪಟ್ಟಿ ಮೊದಲು, ಅದರೊಳಗಿನ ಒಂದು ಸಾಧನವನ್ನು ಕರೆದಾಗ ಡೇಟಾಬೇಸ್‌ಗಳ ಪಟ್ಟಿ ಆಮೇಲೆ. ವಿವರಣೆ ಬರೆಯುವವರು ಮೊದಲನೆಯದಕ್ಕೆ ತಲೆ ಕೆಡಿಸಿಕೊಂಡಷ್ಟು ಎರಡನೆಯದಕ್ಕೆ ಕೆಡಿಸಿಕೊಳ್ಳುವುದಿಲ್ಲ.

ವಿವರಣೆಯಲ್ಲಿ ಏನಿರಬೇಕು

ರೂಢಿಯಲ್ಲಿ ಕಾಣುವ ವಿವರಣೆ ಹೀಗಿರುತ್ತದೆ: ‘ಲಭ್ಯವಿರುವ ಎಲ್ಲ ಡೇಟಾಬೇಸ್‌ಗಳನ್ನು ಪಟ್ಟಿ ಮಾಡುತ್ತದೆ.’ ಇದರಲ್ಲಿ ‘ಲಭ್ಯ’ ಎಂದರೆ ಯಾರಿಗೆ ಎಂಬುದಿಲ್ಲ. ‘ಎಲ್ಲ’ ಎಂಬುದಂತೂ ಅನೇಕ ಸಲ ಸುಳ್ಳು. ಮೈಎಸ್‌ಕ್ಯುಎಲ್ ಬಳಕೆದಾರನಿಗೆ ಯಾವುದಾದರೊಂದು ಹಕ್ಕಿರುವ ಡೇಟಾಬೇಸ್‌ಗಳನ್ನು ಮಾತ್ರ ತೋರಿಸಿ ಉಳಿದವನ್ನು ಸದ್ದಿಲ್ಲದೆ ಮುಚ್ಚಿಡುತ್ತದೆ. ಎಲ್ಲವನ್ನೂ ಕಾಣಲು ಬೇರೆಯೇ ಹಕ್ಕು ಬೇಕು. ಪೋಸ್ಟ್‌ಗ್ರೆಸ್ ಇದಕ್ಕೆ ತದ್ವಿರುದ್ಧ: ಒಳಹೊಕ್ಕವರಿಗೆಲ್ಲ ಸಾಮಾನ್ಯವಾಗಿ ಎಲ್ಲ ಹೆಸರುಗಳನ್ನೂ ತೋರಿಸುತ್ತದೆ, ಬಾಗಿಲು ತಟ್ಟಿದಾಗ ಮಾತ್ರ ಪ್ರವೇಶವಿಲ್ಲ ಎನ್ನುತ್ತದೆ. ಒಂದು ಕಡೆ ಪಟ್ಟಿಯಲ್ಲಿಲ್ಲದ್ದು ನಿಜವಾಗಿ ಇರಬಹುದು. ಇನ್ನೊಂದು ಕಡೆ ಪಟ್ಟಿಯಲ್ಲಿರುವುದು ಕೈಗೆ ಸಿಗದಿರಬಹುದು. ಏಜೆಂಟ್ ಕೊಡುವ ಉತ್ತರ ಇದರ ಮೇಲೆ ನಿಂತಿದೆ. ಪಟ್ಟಿಯಲ್ಲಿ ಹೆಸರು ಕಾಣಲಿಲ್ಲವೆಂದು ‘ಅಂಥ ದಾಖಲೆ ಇಲ್ಲ’ ಎಂದು ರೈತನಿಗೆ ಹೇಳಿಬಿಡುವುದಕ್ಕೂ ‘ನನಗೆ ಕಾಣುವ ಪಟ್ಟಿಯಲ್ಲಿಲ್ಲ’ ಎನ್ನುವುದಕ್ಕೂ ಇರುವ ಅಂತರ ಕಚೇರಿಗೆ ಒಂದು ದಿನದ ಅಲೆದಾಟದಷ್ಟು.

ಒಂದು ಕಲ್ಪಿತ ಏರ್ಪಾಡನ್ನು ಎದುರಿಗಿಟ್ಟುಕೊಳ್ಳೋಣ. ತಾಳವಾಡಿಯ ರೈತರಿಗೆ ನೆರವಾಗುವ ಒಂದು ಕೇಂದ್ರದವರು ಒಂದೇ ಸರ್ವರಿನಲ್ಲಿ ಐದು ಡೇಟಾಬೇಸ್ ಇಟ್ಟಿದ್ದಾರೆ: ತಮಿಳುನಾಡಿನ ಪಟ್ಟಾ ನಕಲುಗಳು, ಕರ್ನಾಟಕದ ಪಹಣಿ ನಕಲುಗಳು (ಎರಡೂ ಜಮೀನಿನ ದಾಖಲೆಗಳು), 2011ರ ಜನಗಣತಿಯ ಹಳ್ಳಿವಾರು ಅಂಕಿ, ಶಾಲೆಗಳ ಪಟ್ಟಿ, ಆನೆಗಳಿಂದಾದ ಬೆಳೆಹಾನಿಯ ದಿನಚರಿ. ಗಡಿಯ ಎರಡೂ ಕಡೆ ಜಮೀನಿರುವ ಕುಟುಂಬದವರು ಬಂದು ‘ನಮ್ಮದು ಒಟ್ಟು ಎಷ್ಟು ಜಮೀನು?’ ಎಂದು ಕೇಳುತ್ತಾರೆ. ಏಜೆಂಟ್ ಪಟ್ಟಿ ತರಿಸಿಕೊಳ್ಳುತ್ತದೆ, ಮೊದಲ ಎರಡನ್ನು ಆರಿಸಿಕೊಳ್ಳುತ್ತದೆ, ಕೂಡಿಸುತ್ತದೆ. ತಮಿಳುನಾಡಿನ ಪಟ್ಟಾದಲ್ಲಿ ವಿಸ್ತೀರ್ಣ ಹೆಕ್ಟೇರ್ ಮತ್ತು ಏರ್ ಲೆಕ್ಕದಲ್ಲಿರುತ್ತದೆ. ನೂರು ಏರ್‌ಗೆ ಒಂದು ಹೆಕ್ಟೇರ್ ಆದ್ದರಿಂದ 1.01 ಎಂದು ದಶಾಂಶವಾಗಿ ಓದಿದರೂ ತಪ್ಪಾಗದು. ಕರ್ನಾಟಕದ ಪಹಣಿ ಎಕರೆ ಮತ್ತು ಗುಂಟೆಯಲ್ಲಿರುತ್ತದೆ. ನಲವತ್ತು ಗುಂಟೆಗೆ ಒಂದು ಎಕರೆ. ಅಲ್ಲಿ 2.20 ಎಂದು ಬರೆದಿದ್ದರೆ ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ, ಹೆಚ್ಚುಕಡಿಮೆ ಅದೇ 1.01 ಹೆಕ್ಟೇರ್. ಅದನ್ನು 2.2 ಎಕರೆ ಎಂದು ಓದಿದರೆ ಹನ್ನೆರಡು ಗುಂಟೆ ಕಾಣೆಯಾಗುತ್ತದೆ. ಹೆಕ್ಟೇರ್ ಎಂದು ತಿಳಿದು ಕೂಡಿಸಿದರೆ ಜಮೀನು ಎರಡರಷ್ಟಕ್ಕಿಂತ ಹೆಚ್ಚು ಹಿಗ್ಗುತ್ತದೆ.

ಮಾನದ ಪ್ರಶ್ನೆ ಕೋಷ್ಟಕದ ಒಳಗಿನದು, ಅದನ್ನು ಡೇಟಾಬೇಸ್‌ಗಳ ಪಟ್ಟಿಯಲ್ಲೇಕೆ ತುರುಕಬೇಕು ಎಂದು ಶಿಸ್ತಿನ ವಿನ್ಯಾಸಕಾರರು ಆಕ್ಷೇಪಿಸುತ್ತಾರೆ. ಆಕ್ಷೇಪ ಪೂರ್ತಿ ತಳ್ಳಿಹಾಕುವಂಥದ್ದಲ್ಲ. ಆದರೆ ಏಜೆಂಟ್ ಯಾವುದನ್ನು ಯಾವುದರೊಡನೆ ಕೂಡಿಸಬೇಕೆಂದು ತೀರ್ಮಾನಿಸುವುದು ಪಟ್ಟಿ ನೋಡುವ ಹಂತದಲ್ಲೇ. ಕೋಷ್ಟಕ ತೆರೆಯುವ ಹೊತ್ತಿಗೆ ಅದರ ಯೋಜನೆ ಸಿದ್ಧವಾಗಿರುತ್ತದೆ. ಆದ್ದರಿಂದ ಎರಡು ಡೇಟಾಬೇಸ್‌ಗಳನ್ನು ಬೇರ್ಪಡಿಸುವ ಮುಖ್ಯ ಸಂಗತಿಗಳು ಪಟ್ಟಿಯಲ್ಲೇ ಕಾಣಬೇಕು: ಯಾವ ರಾಜ್ಯ, ಯಾವ ವರ್ಷದ ಗಡಿ, ಯಾವ ಮಾನ, ಯಾವ ಲಿಪಿ. ಉಳಿದದ್ದಕ್ಕೆ ‘ವಿವರ ಕೊಡು’ ಎಂಬ ಇನ್ನೊಂದು ಸಾಧನ ಇರಲಿ.

ಶಾಲೆಗಳ ಪಟ್ಟಿಯಲ್ಲಿ ಇನ್ನೊಂದು ಬಗೆಯ ಗುಂಡಿಯಿದೆ. ದೇಶದ ಶಾಲೆಗಳಿಗೆಲ್ಲ ಯುಡೈಸ್ ವ್ಯವಸ್ಥೆಯಲ್ಲಿ 11 ಅಂಕಿಗಳ ಸಂಕೇತವಿದೆ. ಮೊದಲೆರಡು ಅಂಕಿ ರಾಜ್ಯದ್ದು. ಕರ್ನಾಟಕ 29, ತಮಿಳುನಾಡು 33. ಕನ್ನಡ ಮಾಧ್ಯಮದ ಶಾಲೆಗಳನ್ನು ಎಣಿಸು ಎಂದರೆ 29ರಿಂದ ಮೊದಲಾಗುವವನ್ನು ಮಾತ್ರ ಎತ್ತಿಕೊಳ್ಳುವುದು ಏಜೆಂಟಿಗೆ ಸಹಜವಾದ ಅಡ್ಡದಾರಿ. ತಾಳವಾಡಿಯ ಕನ್ನಡ ಶಾಲೆಗಳು 33ರಲ್ಲಿವೆ, ಕಾಸರಗೋಡಿನವು 32ರಲ್ಲಿ. ಅಡ್ಡದಾರಿ ಹಿಡಿದ ಎಣಿಕೆಯಲ್ಲಿ ಗಡಿನಾಡ ಮಕ್ಕಳು ಒಬ್ಬರೂ ಇರುವುದಿಲ್ಲ, ಮತ್ತು ಎಣಿಕೆ ತಪ್ಪಾಗಿದೆ ಎಂದು ಹೇಳುವ ಯಾವ ಸಂದೇಶವೂ ಬರುವುದಿಲ್ಲ. ತಾಳವಾಡಿಯ ಪಿನ್ ಸಂಕೇತ 638ರಿಂದ, ಚಾಮರಾಜನಗರದ್ದು 571ರಿಂದ ಮೊದಲಾಗುತ್ತದೆ. ಅಂಚೆಯ ಆಧಾರದಲ್ಲಿ ಗುಂಪು ಮಾಡಿದರೂ ಇದೇ ಗತಿ. ‘ಕನ್ನಡ ಮಾಧ್ಯಮದ ಶಾಲೆಗಳು ಒಂದಕ್ಕಿಂತ ಹೆಚ್ಚು ರಾಜ್ಯ ಸಂಕೇತಗಳಲ್ಲಿವೆ, ಮಾಧ್ಯಮದ ಕಾಲಂ ನೋಡಿ, ರಾಜ್ಯದ ಕಾಲಂ ಅಲ್ಲ’ ಎಂದು ಬರೆದರೆ ಗುಂಡಿ ಮುಚ್ಚುತ್ತದೆ.

ಹೆಸರು ಮತ್ತು ಲಿಪಿ

ಸಾಧನದ ಹೆಸರನ್ನು ಸಾಮಾನ್ಯವಾಗಿ ಕನ್ನಡದಲ್ಲಿ ಇಡಲಾಗುವುದಿಲ್ಲ. ಚಾಲ್ತಿಯಲ್ಲಿರುವ ಹಲವು ಮಾದರಿ ಸೇವೆಗಳು ಸಾಧನದ ಹೆಸರಿಗೆ ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ, ಅಡಿಗೆರೆಗಳಷ್ಟನ್ನೇ ಒಪ್ಪುತ್ತವೆ. ವಿವರಣೆಗೆ ಆ ನಿರ್ಬಂಧವಿಲ್ಲ, ಡೇಟಾಬೇಸಿನ ಹೆಸರಿಗೂ ಇಲ್ಲ. ಆದರೆ ಡೇಟಾಬೇಸಿಗೆ ಕನ್ನಡ ಹೆಸರಿಡುವವರು ಅಳತೆ ನೋಡಿ ಇಡಬೇಕು. ಪೋಸ್ಟ್‌ಗ್ರೆಸ್‌ನಲ್ಲಿ ಹೆಸರಿಗೆ ಸಿಗುವುದು 63 ಬೈಟ್. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು, ಗುಣಿತದ ಚಿಹ್ನೆ, ಸೊನ್ನೆ, ಒತ್ತಕ್ಷರ ಕೂಡಿಸುವ ವಿರಾಮ ಎಲ್ಲವೂ ಬೇರೆ ಬೇರೆ ಸಂಕೇತಗಳು. ಹೀಗಾಗಿ ಕನ್ನಡಕ್ಕೆ ಸಿಗುವುದು 21 ಸಂಕೇತ. ‘ತಾಳವಾಡಿಗ್ರಾಮಪಂಚಾಯಿತಿದಾಖಲೆ’ ಎಂದು ಹೆಸರಿಟ್ಟರೆ ‘ತಾಳವಾಡಿ’ಗೆ 7, ‘ಗ್ರಾಮ’ಕ್ಕೆ 5, ‘ಪಂಚಾಯಿತಿ’ಗೆ 8, ಅಲ್ಲಿಗೆ 20, ಮುಂದಿನ ‘ದ’ ಸೇರಿದರೆ 21. ಉಳಿದದ್ದನ್ನು ತಂತ್ರಾಂಶ ಒಂದು ಸೂಚನೆ ಕೊಟ್ಟು ಕತ್ತರಿಸುತ್ತದೆ, ಪಟ್ಟಿಯಲ್ಲಿ ಬರುವುದು ‘ತಾಳವಾಡಿಗ್ರಾಮಪಂಚಾಯಿತಿದ’. ಅದೇ ಪಂಚಾಯಿತಿಯ ‘ದರಪಟ್ಟಿ’ಗೆ ಇನ್ನೊಂದು ಡೇಟಾಬೇಸ್ ಮಾಡಹೊರಟರೆ ಅದರ ಮೊದಲ 21 ಸಂಕೇತಗಳೂ ಇವೇ ಆದ್ದರಿಂದ, ಆ ಹೆಸರು ಆಗಲೇ ಇದೆ ಎಂಬ ಉತ್ತರ ಬರುತ್ತದೆ. ಮೈಎಸ್‌ಕ್ಯುಎಲ್ ಬೈಟ್ ಬದಲು 64 ಸಂಕೇತ ಎಂದು ಎಣಿಸುವುದರಿಂದ ಅಲ್ಲಿ ಈ ತೊಂದರೆ ಕಡಿಮೆ.

ಕಣ್ಣಿಗೆ ಕಾಣದ ತೊಡಕು ಇನ್ನೊಂದು. ‘ದೊಡ್ಡ ಗಾಜನೂರು’ ಎಂಬಲ್ಲಿನ ‘ದೊ’ವನ್ನು ಯೂನಿಕೋಡ್‌ನಲ್ಲಿ ಎರಡು ರೀತಿ ಬರೆಯಬಹುದು: ಒತ್ವದ ಒಂದೇ ಸಂಕೇತ ಹಾಕಿ, ಅಥವಾ ಎತ್ವ ಮತ್ತು ಊತ್ವದ ಚಿಹ್ನೆಗಳನ್ನು ಒಂದರ ಮುಂದೆ ಒಂದು ಹಾಕಿ. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಬೈಟ್ ಬೈಟ್ ಹೋಲಿಸುವ ಯಂತ್ರಕ್ಕೆ ಎರಡೂ ಬೇರೆ. ಏಜೆಂಟ್ ‘ದೊಡ್ಡ’ ಎಂದು ಶೋಧಕ ಹಾಕಿ ಪಟ್ಟಿ ಕೇಳಿದರೆ ಖಾಲಿ ಬರಬಹುದು. ಹೆಸರುಗಳನ್ನೆಲ್ಲ ಎನ್‌ಎಫ್‌ಸಿ ಎಂಬ ಮಾನಕ ರೂಪಕ್ಕೆ ತಂದು ಹೋಲಿಸುವುದು ಸಾಧನದ ಕರ್ತವ್ಯ. ಹಾಗೆ ಮಾಡಿದೆಯೋ ಇಲ್ಲವೋ ಎಂದು ಹೇಳುವುದು ವಿವರಣೆಯದು.

ಯೂನಿಕೋಡ್‌ಗೆ ಮೊದಲಿನ ಕಡತಗಳಿದ್ದರೆ ಪಾಡು ಇನ್ನೂ ಹೆಚ್ಚು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಕುಟ್ಟಿದ ಪಠ್ಯ ಆ ಫಾಂಟ್ ಇಲ್ಲದಿದ್ದರೆ ಲ್ಯಾಟಿನ್ ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ. ತಮಿಳಿನ ಕಡೆ 1999ರ ಟ್ಯಾಮ್, ಟ್ಯಾಬ್ ಸಂಕೇತಗಳ ಕಡತಗಳದ್ದೂ ಅದೇ ಕಥೆ. ತಮಿಳುನಾಡು ಸರ್ಕಾರ ಯೂನಿಕೋಡ್ ಒಪ್ಪಿದ್ದು 2010ರಲ್ಲಿ.

ಊರ ಹೆಸರುಗಳು ಮೂರು ಲಿಪಿಗಳಲ್ಲಿ ಓಡಾಡುವಾಗ ಸವೆಯುತ್ತವೆ. ತಮಿಳು ಲಿಪಿಯಲ್ಲಿ ಕ, ಗಗಳಿಗೆ ಒಂದೇ ಅಕ್ಷರ, ತ, ದಗಳಿಗೂ ಒಂದೇ. ದಿಂಬಂ ತಮಿಳಿನಿಂದ ರೋಮನ್‌ಗೆ ಹೋಗುವಾಗ ತಿಂಬಂ ಆಗುತ್ತದೆ, ಹಾಸನೂರು ಆಸನೂರಾಗುತ್ತದೆ, ಗುಮಟಾಪುರ ಗುಮಟಾಪುರಂ ಆಗುತ್ತದೆ. ತಾಳವಾಡಿಗೇ ಇಂಗ್ಲಿಷಿನಲ್ಲಿ ಮೂರು ನಾಲ್ಕು ಕಾಗುಣಿತಗಳು ಚಾಲ್ತಿಯಲ್ಲಿವೆ. ಇಲ್ಲಿ ಹೆಸರನ್ನು ನೆಚ್ಚಿಕೊಳ್ಳುವುದಕ್ಕಿಂತ ಸಂಕೇತ ಸಂಖ್ಯೆಯನ್ನು ನೆಚ್ಚಿಕೊಳ್ಳುವುದು ಲೇಸು. ಜನಗಣತಿ 2011ರಲ್ಲಿ ಪ್ರತಿ ಹಳ್ಳಿಗೂ ಆರಂಕಿಯ ಸಂಕೇತ ಕೊಟ್ಟಿದೆ. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ‘ಲೋಕಲ್ ಗವರ್ನಮೆಂಟ್ ಡೈರೆಕ್ಟರಿ’ ತನ್ನದೇ ಸಂಕೇತ ಕೊಡುತ್ತದೆ, ಹೊಸ ತಾಲ್ಲೂಕುಗಳಾದಾಗ ತಿದ್ದಿಕೊಳ್ಳುತ್ತದೆ. ಪಟ್ಟಿಯ ಪ್ರತಿ ಸಾಲಿನಲ್ಲೂ ‘ಈ ಡೇಟಾಬೇಸ್ ಯಾವ ಸಂಕೇತ ಬಳಸುತ್ತದೆ’ ಎಂಬುದು ಇರಬೇಕು. ಇದೊಂದಿದ್ದರೆ ಮೇಲಿನ ಅರ್ಧ ಗೋಳು ಇರುವುದಿಲ್ಲ.

ಅನುಮತಿ, ಗುಟ್ಟು, ಅಪಾಯ

ಹೆಸರಷ್ಟೇ ತೋರಿಸುವ ಸಾಧನದಿಂದ ಏನು ಅಪಾಯ ಎಂದು ಅನ್ನಿಸುವುದು ಸಹಜ. ಆದರೆ ಹೆಸರೂ ಗುಟ್ಟು ಬಿಟ್ಟುಕೊಡಬಹುದು. ತಾಳವಾಡಿ ಸೀಮೆಯ ಸುತ್ತಲಿನ ಕಾಡು 2013ರಿಂದ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ. ಪಕ್ಕದಲ್ಲೇ ಕರ್ನಾಟಕದ ಬಿಳಿಗಿರಿರಂಗನ ಬೆಟ್ಟದ ಹುಲಿ ಸಂರಕ್ಷಿತ ಪ್ರದೇಶ. ಹುಲಿ ಎಣಿಕೆಗೆ ಮರಗಳಿಗೆ ಕಟ್ಟುವ ಕ್ಯಾಮೆರಾಗಳ ಜಾಗಗಳನ್ನು ಗುಟ್ಟಾಗಿಡಬೇಕಾಗುತ್ತದೆ; ಬೇಟೆಗಾರರಿಗೆ ಅದು ನಕ್ಷೆಯಿದ್ದಂತೆ. ಅಂಥ ಡೇಟಾಬೇಸಿನ ಹೆಸರಿನಲ್ಲೇ ವಲಯದ ಹೆಸರು, ವರ್ಷ ಸೇರಿದ್ದರೆ ಬಾಗಿಲು ತೆರೆಯದೆಯೂ ಎಷ್ಟೋ ತಿಳಿಯುತ್ತದೆ. ಒಬ್ಬ ರೈತನ ಹೆಸರಿನಲ್ಲಿ ಡೇಟಾಬೇಸ್ ಮಾಡಿಟ್ಟಿದ್ದರೆ ಅದೂ ವೈಯಕ್ತಿಕ ಮಾಹಿತಿಯೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬಂದ ಮೇಲೆ ಇದನ್ನು ಹಗುರವಾಗಿ ಕಾಣುವಂತಿಲ್ಲ. ಮುಚ್ಚಿಡಬೇಕಾದ್ದನ್ನು ಪಟ್ಟಿಯಿಂದಲೇ ತೆಗೆಯಬೇಕು. ತೆಗೆದದ್ದು ಇದೆ ಎಂಬುದನ್ನು ಮಾತ್ರ ವಿವರಣೆಯಲ್ಲಿ ಸಾಮಾನ್ಯ ಮಾತಿನಲ್ಲಿ ಹೇಳಬೇಕು.

ಸರ್ವರಿನ ಸ್ವಂತ ಡೇಟಾಬೇಸ್‌ಗಳನ್ನು ಏನು ಮಾಡಬೇಕೆಂಬುದೂ ಇಲ್ಲಿ ಸೇರುತ್ತದೆ. ಪೋಸ್ಟ್‌ಗ್ರೆಸ್ ತನ್ನ ಎರಡು ‘ಟೆಂಪ್ಲೇಟ್’ಗಳನ್ನು, ಮಾಂಗೋಡಿಬಿ ‘ಅಡ್ಮಿನ್’, ‘ಲೋಕಲ್’, ‘ಕಾನ್ಫಿಗ್’ಗಳನ್ನು ಪಟ್ಟಿಗೆ ಸೇರಿಸುತ್ತವೆ. ಮನುಷ್ಯ ಇವನ್ನು ನೋಡಿಯೂ ನೋಡದಂತೆ ಮುಂದೆ ಹೋಗುತ್ತಾನೆ. ಏಜೆಂಟ್ ಅದರೊಳಗೂ ಇಣುಕಿ ಸಮಯ ಕಳೆಯುತ್ತದೆ. ಮೊದಲೇ ಸೋಸಿಬಿಡುವುದು ಒಳ್ಳೆಯದು.

ಇನ್ನೊಂದು ಅಪಾಯ ಒಳಗಿನಿಂದ ಬರುವಂಥದ್ದು. ಪೋಸ್ಟ್‌ಗ್ರೆಸ್‌ನಲ್ಲಿ ಡೇಟಾಬೇಸಿಗೆ ಟಿಪ್ಪಣಿ ಬರೆದಿಡಬಹುದು, ಮರಿಯಾಡಿಬಿ 10.5ರಿಂದ ಅಲ್ಲೂ ಇದು ಸಾಧ್ಯ. ಪಟ್ಟಿ ಸಾಧನ ಈ ಟಿಪ್ಪಣಿಗಳನ್ನೂ ತಂದುಕೊಡುತ್ತದೆ. ಟಿಪ್ಪಣಿ ಬರೆಯುವ ಹಕ್ಕಿರುವ ಯಾರಾದರೂ ಅಲ್ಲಿ ‘ಮೊದಲು ಹಳೆಯ ದಾಖಲೆಗಳನ್ನು ಅಳಿಸು’ ಎಂದು ಬರೆದಿಟ್ಟರೆ, ಅದನ್ನು ತನ್ನ ಯಜಮಾನನ ಆದೇಶವೆಂದೇ ಮಾದರಿ ತಿಳಿಯುವ ಸಂಭವವಿದೆ. ಬಂದ ಪಠ್ಯವೆಲ್ಲ ಮಾಹಿತಿ, ಪಾಲಿಸಬೇಕಾದ ಆಜ್ಞೆಯಲ್ಲ ಎಂದು ವಿವರಣೆಯಲ್ಲಿ ಹೇಳುವುದು ಒಂದಿಷ್ಟು ನೆರವಾಗುತ್ತದೆ, ಆದರೆ ಅದನ್ನೇ ನಂಬಿ ಕೂರುವಂತಿಲ್ಲ. ನಿಜವಾದ ರಕ್ಷಣೆ ಇರುವುದು ಏಜೆಂಟಿಗೆ ಕೊಟ್ಟ ಖಾತೆಯ ಹಕ್ಕನ್ನು ಓದುವುದಕ್ಕಷ್ಟೇ ಸೀಮಿತಗೊಳಿಸುವುದರಲ್ಲಿ. 2025ರ ಜುಲೈನಲ್ಲಿ ಅಮೆರಿಕದ ಕೋಡಿಂಗ್ ವೇದಿಕೆಯೊಂದರ ಏಜೆಂಟ್, ಏನನ್ನೂ ಮುಟ್ಟಬೇಡ ಎಂದು ಮಾತಿನಲ್ಲಿ ಹೇಳಿದ್ದರೂ ಚಾಲ್ತಿಯ ಡೇಟಾಬೇಸನ್ನು ಅಳಿಸಿಹಾಕಿದ ಪ್ರಕರಣ ಸುದ್ದಿಯಾಗಿತ್ತು. ಅಲ್ಲಿ ಮಾತಿನ ಕಟ್ಟಪ್ಪಣೆ ಇತ್ತು, ಹಕ್ಕಿನ ಕಡಿವಾಣ ಇರಲಿಲ್ಲ.

ಎಷ್ಟು ಉದ್ದ, ಯಾವ ಭಾಷೆ

ಸಾಧನದ ವಿವರಣೆ ಸಾಮಾನ್ಯವಾಗಿ ಪ್ರತಿ ಸಂಭಾಷಣೆಯಲ್ಲೂ ಮಾದರಿಯ ಮುಂದೆ ಇರುತ್ತದೆ. ಆದ್ದರಿಂದ ಉದ್ದವಾದಷ್ಟೂ ವೆಚ್ಚ. ಅನೇಕ ಮಾದರಿಗಳಲ್ಲಿ ಒಂದೇ ವಿಷಯವನ್ನು ಕನ್ನಡದಲ್ಲಿ ಬರೆದರೆ ಇಂಗ್ಲಿಷಿಗಿಂತ ಹೆಚ್ಚು ಟೋಕನ್ (ಮಾದರಿ ಪಠ್ಯವನ್ನು ಒಡೆದು ಓದುವ ತುಂಡು) ಹಿಡಿಯುತ್ತದೆ, ಅವುಗಳ ಟೋಕನ್ ಕೋಶಗಳನ್ನು ಕಟ್ಟುವಾಗ ಕನ್ನಡ ಪಠ್ಯ ಕಡಿಮೆ ಇದ್ದುದೇ ಕಾರಣ. ಈ ಕಾರಣಕ್ಕೆ ಸಾಧನದ ಮೂಲ ವಿವರಣೆ ಇಂಗ್ಲಿಷಿನಲ್ಲಿರಲಿ, ಡೇಟಾಬೇಸ್‌ಗಳ ಟಿಪ್ಪಣಿಗಳು ಅಲ್ಲಿಯ ಜನ ಬಳಸುವ ಮಾತಿನಲ್ಲಿರಲಿ ಎಂಬ ಹಂಚಿಕೆ ಸದ್ಯಕ್ಕೆ ವ್ಯವಹಾರಕ್ಕೆ ಒಗ್ಗುತ್ತದೆ. ಪಹಣಿ, ಪಟ್ಟಾ, ಚಿಟ್ಟಾ, ಹಿಸ್ಸಾ, ಪೋಡಿ ಮುಂತಾದವು ಪ್ರಶ್ನೆ ಕೇಳುವವರ ಬಾಯಲ್ಲಿ ಬರುವ ಮಾತುಗಳು. ಟಿಪ್ಪಣಿಯಲ್ಲಿ ಅವೇ ಇಲ್ಲದಿದ್ದರೆ ಏಜೆಂಟ್ ಪ್ರಶ್ನೆಗೂ ಡೇಟಾಬೇಸಿಗೂ ನಂಟು ಹಾಕಲಾರದು. ಡೇಟಾಬೇಸ್‌ಗಳು ನೂರಾರು ಇದ್ದರೆ ಪಟ್ಟಿಯನ್ನು ತುಂಡು ತುಂಡಾಗಿ ಕೊಟ್ಟು, ಮುಂದಿನ ತುಂಡಿಗೆ ಗುರುತುಚೀಟಿ ಕೊಡುವ ಪದ್ಧತಿಯಿದೆ. ಗುರುತುಚೀಟಿ ಇನ್ನೂ ಬರುತ್ತಿದ್ದರೆ ಪಟ್ಟಿ ಮುಗಿದಿಲ್ಲ ಎಂದು ವಿವರಣೆ ಸ್ಪಷ್ಟವಾಗಿ ಹೇಳಬೇಕು. ಮೊದಲ ಪುಟವನ್ನೇ ಇಡೀ ಪಟ್ಟಿ ಎಂದು ತಿಳಿಯುವ ಚಾಳಿ ಮನುಷ್ಯರಲ್ಲಿ ಇರುವಂತೆ ಏಜೆಂಟ್‌ಗಳಲ್ಲೂ ಇದೆ.

ಮೇಲಿನ ಕಲ್ಪಿತ ಕೇಂದ್ರಕ್ಕೆ ಒಂದು ವಿವರಣೆ ಬರೆದರೆ ಹೀಗಿರಬಹುದು: ‘ಈ ಸರ್ವರಿನಲ್ಲಿ ನಿನ್ನ ಖಾತೆಗೆ ಓದುವ ಹಕ್ಕಿರುವ ಡೇಟಾಬೇಸ್‌ಗಳನ್ನು ಮಾತ್ರ ತೋರಿಸುತ್ತದೆ, ಬೇರೆಯವೂ ಇರಬಹುದು. ಏನನ್ನೂ ಬದಲಿಸುವುದಿಲ್ಲ. ಪ್ರತಿ ಸಾಲಿನಲ್ಲಿ ಹೆಸರು, ರಾಜ್ಯ, ಆಡಳಿತ ಗಡಿಯ ವರ್ಷ, ಮಾನ, ಲಿಪಿ, ಹಳ್ಳಿ ಸಂಕೇತದ ಬಗೆ, ಕೊನೆಯ ಸಲ ತಿದ್ದಿದ ದಿನ ಇರುತ್ತವೆ. ಪಹಣಿಯ ವಿಸ್ತೀರ್ಣ ಎಕರೆ-ಗುಂಟೆ, ದಶಾಂಶವಲ್ಲ. ಹಳ್ಳಿಗಳನ್ನು ಹೆಸರಿನಿಂದ ಜೋಡಿಸಬೇಡ, ಸಂಕೇತದಿಂದ ಜೋಡಿಸು. ಪಟ್ಟಿ ಖಾಲಿ ಬಂದರೆ ಶೋಧಕವಿಲ್ಲದೆ ಇನ್ನೊಮ್ಮೆ ಕೇಳು. ಆಗಲೂ ಖಾಲಿಯಾದರೆ ದಾಖಲೆ ಇಲ್ಲವೆಂದು ಹೇಳಬೇಡ, ನಿನಗೆ ಕಾಣುತ್ತಿಲ್ಲವೆಂದು ಹೇಳು. ಕೋಷ್ಟಕಗಳ ವಿವರಕ್ಕೆ ಬೇರೆ ಸಾಧನವಿದೆ.’ ಇದರಲ್ಲಿ ತಂತ್ರಜ್ಞಾನದ ಬೆಡಗೇನೂ ಇಲ್ಲ. ಹೊಸದಾಗಿ ಬಂದ ಗುಮಾಸ್ತನಿಗೆ ಮೊದಲ ದಿನ ಹೇಳುವ ಮಾತುಗಳೇ ಇವು.

ನೆರೆಯ ಮಾನಕಗಳು

ಡೇಟಾಬೇಸ್‌ಗಳನ್ನು ವಿವರಿಸುವ ಕಟ್ಟುನಿಟ್ಟಾದ ಮಾನಕಗಳೂ ಇವೆ. ವರ್ಲ್ಡ್ ವೈಡ್ ವೆಬ್ ಒಕ್ಕೂಟ 2014ರಲ್ಲಿ ‘ಡೀಕ್ಯಾಟ್’ ಎಂಬ ದತ್ತಾಂಶ ಸೂಚಿ ಶಬ್ದಾವಳಿಯನ್ನು ಶಿಫಾರಸು ಮಾಡಿತು, ಅದರ ಮೂರನೆಯ ಆವೃತ್ತಿ 2024ರಲ್ಲಿ ಬಂತು. ಟಿಮ್ನಿಟ್ ಗೆಬ್ರು ಮತ್ತು ಸಂಗಡಿಗರು 2018ರಲ್ಲಿ ಮಂಡಿಸಿದ ‘ಡೇಟಾಶೀಟ್ಸ್ ಫಾರ್ ಡೇಟಾಸೆಟ್ಸ್’ ಪ್ರಬಂಧ, ದತ್ತಾಂಶ ಯಾರಿಂದ, ಏತಕ್ಕೆ, ಹೇಗೆ ಸಂಗ್ರಹವಾಯಿತು ಎಂಬ ಪ್ರಶ್ನಾವಳಿಯನ್ನು ರೂಢಿಗೆ ತಂದಿತು. ಭಾರತ ಸರ್ಕಾರದ ಮುಕ್ತ ದತ್ತಾಂಶ ಜಾಲತಾಣ 2012ರದ್ದು. ಇವು ಸೂಚಿಗಳ ಮಟ್ಟದವು. ಚಾಲ್ತಿಯ ಸರ್ವರಿನ ಒಳಗಿನ ಪಟ್ಟಿಗೆ ನೇರವಾಗಿ ಅನ್ವಯಿಸುವುದಿಲ್ಲ. ಆದರೂ ವ್ಯಾಪ್ತಿ, ಕಾಲ, ಭಾಷೆ ಎಂಬ ಮೂರು ಅಂಕಣಗಳನ್ನು ಅಲ್ಲಿಂದ ಎರವಲು ತಂದರೆ ಸಾಕಷ್ಟು ಕೆಲಸವಾಗುತ್ತದೆ.

ಕಾಲದ ಅಂಕಣಕ್ಕೆ ತಾಳವಾಡಿಯಲ್ಲಿ ಸದ್ಯ ವಿಶೇಷ ಮಹತ್ವವಿದೆ. ದೇಶದ ಬಹುಭಾಗದಲ್ಲಿ ಮುಂದಿನ ಜನಗಣತಿಗೆ ಆಧಾರ ದಿನವೆಂದು 2027ರ ಮಾರ್ಚ್ 1 ನಿಗದಿಯಾಗಿದೆ. ತಾಳವಾಡಿ ತಾಲ್ಲೂಕಾದ ಮೇಲೆ ನಡೆಯುವ ಮೊದಲ ಜನಗಣತಿ ಅದು. ಅದರ ಕೋಷ್ಟಕಗಳು ಹೊರಬರುವವರೆಗೆ ಜನಗಣತಿಯ ಹೆಸರಿನಲ್ಲಿ ‘ತಾಳವಾಡಿ ತಾಲ್ಲೂಕಿನ ಜನಸಂಖ್ಯೆ’ ಎಂದು ಯಾವ ಏಜೆಂಟ್ ಹೇಳಿದರೂ ಅದು 2011ರ ಸತ್ಯಮಂಗಲ ತಾಲ್ಲೂಕಿನ ಹಳ್ಳಿಗಳನ್ನು ಆರಿಸಿ ಕೂಡಿಸಿದ ಮೊತ್ತ; ಯಾವ ಹಳ್ಳಿಗಳನ್ನು ಆರಿಸಿತು ಎಂದು ಅದನ್ನು ಕೇಳಿ ಪಡೆಯಬೇಕು.